ನಕ್ಷೆಗೆ ನೆಲದ ಕಾವು ಗೊತ್ತು, ನಮ್ಮ ಸೆಕೆ ಗೊತ್ತಿಲ್ಲ

ಏಪ್ರಿಲ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕೆಂಪು ನಕ್ಷೆಗಳು ಓಡಾಡಲು ಶುರುವಾಗುತ್ತವೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಕಡುಗೆಂಪು. ಮಲೆನಾಡು ಹಸಿರು. ಕರಾವಳಿ ತಿಳಿ ಹಳದಿ. ಜೊತೆಗೆ ಒಂದು ಸಾಲು ಇದ್ದೇ ಇರುತ್ತದೆ: ‘ಉಪಗ್ರಹದ ಪ್ರಕಾರ ನಮ್ಮ ತಾಲ್ಲೂಕಿನಲ್ಲಿ 56 ಡಿಗ್ರಿ, ಸರ್ಕಾರ ಮುಚ್ಚಿಡುತ್ತಿದೆ.’ ಮರುದಿನ ಪತ್ರಿಕೆ ತೆರೆದರೆ ಹವಾಮಾನ ಇಲಾಖೆಯ ಅಂಕಿ 42 ಡಿಗ್ರಿ.

ಆಮೇಲೆ ಗುಂಪಿನಲ್ಲಿ ಎರಡು ಬಣ. ‘ಉಪಗ್ರಹ ಸುಳ್ಳು ಹೇಳಲ್ಲ, ಅಧಿಕಾರಿಗಳು ಹೇಳ್ತಾರೆ’ ಎನ್ನುವವರು ಒಂದು ಕಡೆ. ‘ಇದೆಲ್ಲ ಫೇಕ್, ಡಿಲೀಟ್ ಮಾಡ್ರಿ’ ಎನ್ನುವವರು ಇನ್ನೊಂದು ಕಡೆ.

ಇಬ್ಬರೂ ಎಡವುತ್ತಿದ್ದಾರೆ. 56ಕ್ಕೂ 42ಕ್ಕೂ ಜಗಳವೇ ಇಲ್ಲ. ಎರಡೂ ನಿಜ ಇರಬಹುದು, ಏಕೆಂದರೆ ಅವು ಬೇರೆ ಬೇರೆ ವಸ್ತುವಿನ ಅಳತೆ. ನಾವು ಜಗಳ ಮಾಡಬೇಕಾದ ಪ್ರಶ್ನೆ ಬೇರೆಯೇ ಇದೆ. ಬಿಸಿಲಲ್ಲಿ ದುಡಿಯುವವರಿಗೆ ಯಾವಾಗ ಬಿಡುವು ಕೊಡಬೇಕು, ಯಾವ ಊರಿಗೆ ಎಚ್ಚರಿಕೆ ಕೊಡಬೇಕು ಎಂಬುದನ್ನು ಯಾವ ಅಂಕಿ ನೋಡಿ ತೀರ್ಮಾನ ಮಾಡಬೇಕು? ನಕ್ಷೆಯ ಬಣ್ಣ ನೋಡಿ ತೀರ್ಮಾನ ಮಾಡಬಾರದು ಎಂಬುದು ನನ್ನ ವಾದ. ನೆಲಕ್ಕೂ ಉಪಗ್ರಹಕ್ಕೂ ನಡುವೆ ಒಂದು ವಾತಾವರಣ ಇದೆ. ನಾವು ಉಸಿರಾಡುವುದು, ಬೆವರುವುದು, ಸಾಯುವುದು ಅದರೊಳಗೇ.

ಎರಡು ಅಂಕಿ, ಎರಡು ಅಳತೆ

ಹವಾಮಾನ ಇಲಾಖೆ ಅಳೆಯುವುದು ಗಾಳಿಯ ಉಷ್ಣತೆ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆ ಇರುತ್ತದೆ. ಬಿಸಿಲು ಒಳಗೆ ಬೀಳದಂತೆ, ಆದರೆ ಗಾಳಿ ಆಡುವಂತೆ ಅದಕ್ಕೆ ಪಟ್ಟಿಗಳನ್ನು ಹೊಡೆದಿರುತ್ತಾರೆ. ಥರ್ಮಾಮೀಟರ್ ಆ ನೆರಳಿನಲ್ಲಿರುತ್ತದೆ. ಜಗತ್ತಿನೆಲ್ಲೆಡೆ ಪದ್ಧತಿ ಹೆಚ್ಚುಕಡಿಮೆ ಇದೇ.

ಉಪಗ್ರಹದ ಆ ನಕ್ಷೆ ತೋರಿಸುವುದು ನೆಲದ ಮೈಯ ಕಾವನ್ನು. ಮಣ್ಣು, ಬಂಡೆ, ಡಾಂಬರು, ತಾರಸಿ, ಬೆಳೆಯ ಎಲೆ, ಹೀಗೆ ಮೇಲಿನಿಂದ ಏನು ಕಾಣುತ್ತದೋ ಅದರ ಮೇಲ್ಪದರ. ಏಪ್ರಿಲ್ ಮಧ್ಯಾಹ್ನ ಬೆಳೆ ಇಲ್ಲದ ಎರೆ ಹೊಲದಲ್ಲಿ ಬರಿಗಾಲಿಟ್ಟು ನಡೆದವರಿಗೆ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಗಾಳಿ 42 ಇದ್ದಾಗ ಒಣ ನೆಲ 55 ದಾಟುವುದರಲ್ಲಿ ಅಚ್ಚರಿ ಏನೂ ಇಲ್ಲ. ಮೋಡವಿಲ್ಲದ ರಾತ್ರಿ ಇದು ತಿರುಗುಮುರುಗು: ನೆಲವೇ ಗಾಳಿಗಿಂತ ತಣ್ಣಗಾಗಿರುತ್ತದೆ.

ಗಾಳಿಯ ಉಷ್ಣತೆಯಲ್ಲಿ ನಮ್ಮ ದೇಶದ ದಾಖಲೆ ರಾಜಸ್ಥಾನದ ಫಲೋಡಿಯದು: 2016ರ ಮೇ 19ರಂದು 51 ಡಿಗ್ರಿ. ಜಗತ್ತಿನ ದಾಖಲೆ ಅಮೆರಿಕದ ಡೆತ್ ವ್ಯಾಲಿಯದು: 1913ರ ಜುಲೈ 10ರಂದು 56.7 ಡಿಗ್ರಿ. ಆ ಫಾರ್ವರ್ಡ್ ಮೆಸೇಜಿನ 56 ಗಾಳಿಯ ಉಷ್ಣತೆಯೇ ಆಗಿದ್ದರೆ ನಮ್ಮ ತಾಲ್ಲೂಕು ವಿಶ್ವದಾಖಲೆಯ ಹೊಸ್ತಿಲಲ್ಲಿ ನಿಂತಿದೆ ಎಂದಾಯಿತು. ಅದು ನೆಲದ ಕಾವು ಅಷ್ಟೆ.

ಕೊರೊನಾ ಕಾಲದ ಪಿಸ್ತೂಲು

ಮುಟ್ಟದೆ ಕಾವು ಅಳೆಯುವುದು ಹೇಗೆ? ಇದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕೊರೊನಾ ಸಮಯದಲ್ಲಿ ಸಂತೆ, ಶಾಲೆ, ಕಚೇರಿಯ ಬಾಗಿಲಲ್ಲಿ ಹಣೆಗೆ ಪಿಸ್ತೂಲಿನಂಥ ಯಂತ್ರ ಹಿಡಿಯುತ್ತಿದ್ದರಲ್ಲ, ಉಪಗ್ರಹದಲ್ಲಿರುವುದೂ ಅದೇ ಜಾತಿಯ ಯಂತ್ರ. ಕಾವಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣ ಹೊರಸೂಸುತ್ತದೆ. ಕಾವು ಹೆಚ್ಚಾದಷ್ಟೂ ಕಿರಣ ಹೆಚ್ಚು. ಎಷ್ಟು ಬಂತು ಎಂದು ಅಳೆದರೆ ಕಾವು ಎಷ್ಟು ಎಂದು ಲೆಕ್ಕ ಹಾಕಬಹುದು.

ವ್ಯತ್ಯಾಸ ಒಂದೇ. ಹಣೆಗೂ ಪಿಸ್ತೂಲಿಗೂ ನಡುವೆ ನಾಲ್ಕು ಬೆರಳಿನ ಅಂತರ. ನೆಲಕ್ಕೂ ಉಪಗ್ರಹಕ್ಕೂ ನಡುವೆ ಇಡೀ ವಾತಾವರಣ.

ನಮ್ಮ ಇನ್ಸಾಟ್ ಸಾಲಿನ ಹವಾಮಾನ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಇನ್ಸಾಟ್-3ಡಿ 2013ರಲ್ಲಿ, 3ಡಿಆರ್ 2016ರಲ್ಲಿ, 3ಡಿಎಸ್ 2024ರ ಫೆಬ್ರುವರಿ 17ರಂದು ಮೇಲೇರಿದವು. ಇಸ್ರೊದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಅಷ್ಟು ದೂರ ಎಂದರೆ ತಪ್ಪು ಬರದೆ ಇರುತ್ತದೆಯೇ ಎಂದು ನೀವು ಕೇಳಬಹುದು. ತಮಾಷೆ ಎಂದರೆ ತೊಂದರೆ ಇರುವುದು ಆ ದೂರದಲ್ಲಿ ಅಲ್ಲ. ಅದರಲ್ಲಿ ಬಹುಪಾಲು ಖಾಲಿ ಆಕಾಶ, ಅಲ್ಲಿ ಕಿರಣಕ್ಕೆ ಅಡ್ಡಿಯೇ ಇಲ್ಲ. ತೊಂದರೆ ಇರುವುದು ನಮ್ಮ ತಲೆಯ ಮೇಲಿನ ಮೊದಲ ಮೂರ್ನಾಲ್ಕು ಕಿಲೋಮೀಟರಿನಲ್ಲಿ. ಏಕೆಂದರೆ ವಾತಾವರಣದ ನೀರಾವಿಯ ಬಹುಪಾಲು ಇರುವುದು ಅಲ್ಲೇ.

ನಡುವೆ ಕೂತ ದಲಾಲಿ

ನೀರಾವಿ ಏನು ಮಾಡುತ್ತದೆ? ಮೆಣಸಿನಕಾಯಿ ಮಾರಾಟದ ಲೆಕ್ಕದಲ್ಲಿ ಹೇಳುತ್ತೇನೆ.

ನಿಮ್ಮ ಹೊಲದಲ್ಲಿ ಖಾರದ ಮೆಣಸಿನಕಾಯಿ ಬೆಳೆದಿದೆ. ಚೀಲ ತುಂಬಿ ದಲಾಲಿಯ ಕೈಗೆ ಕೊಟ್ಟಿರಿ. ಆತ ದಾರಿಯಲ್ಲಿ ಚೀಲದಿಂದ ಒಂದಿಷ್ಟು ತೆಗೆದ. ತೆಗೆದ ಜಾಗಕ್ಕೆ ತನ್ನಲ್ಲಿದ್ದ ಸಪ್ಪೆ ಕಾಯಿ ತುಂಬಿದ. ಖರೀದಿದಾರ ಚೀಲ ಬಿಚ್ಚಿ ರುಚಿ ನೋಡಿ, ‘ಈ ಊರಿನ ಮೆಣಸಿನಕಾಯಿಗೆ ಖಾರವೇ ಇಲ್ಲ’ ಎಂದ. ಅವನ ನಾಲಿಗೆ ಸುಳ್ಳು ಹೇಳಿಲ್ಲ. ಅವನಿಗೆ ತಲುಪಿದ ಚೀಲದಲ್ಲಿ ಎರಡು ಮಾಲು ಬೆರೆತಿತ್ತು.

ನೀರಾವಿ ಆ ದಲಾಲಿ. ನೆಲದಿಂದ ಹೊರಟ ಕಿರಣದಲ್ಲಿ ಒಂದು ಪಾಲನ್ನು ಅದು ನುಂಗುತ್ತದೆ. ಜೊತೆಗೆ ತನ್ನದೇ ಕಾವಿಗೆ ತಕ್ಕಂತೆ ತಾನೂ ಕಿರಣ ಸೂಸುತ್ತದೆ. ಹಗಲಲ್ಲಿ ಮೇಲಿನ ಗಾಳಿ ನೆಲಕ್ಕಿಂತ ತಣ್ಣಗಿರುವುದರಿಂದ ಅದು ಸೇರಿಸುವ ಮಾಲು ಸಪ್ಪೆ. ಹಾಗಾಗಿ ಉಪಗ್ರಹಕ್ಕೆ ನೆಲ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಮೂರನೆಯದೂ ಒಂದಿದೆ: ಗಾಳಿ ಕೆಳಮುಖವಾಗಿಯೂ ಕಿರಣ ಬೀರುತ್ತದೆ, ಅದರಲ್ಲಿ ಸ್ವಲ್ಪ ನೆಲಕ್ಕೆ ಬಡಿದು ಮತ್ತೆ ಮೇಲೆ ಹೋಗಿ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ.

ದಲಾಲಿ ಎಷ್ಟು ಕಡಿಯುತ್ತಾನೆ ಎಂಬುದು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಒಂದು ಜಾಗದಲ್ಲಿ ನೆಲದಿಂದ ಆಕಾಶದವರೆಗೆ ಇರುವ ನೀರಾವಿಯನ್ನೆಲ್ಲ ಹಿಂಡಿ ನೀರು ಮಾಡಿ ಅಲ್ಲೇ ಸುರಿದರೆ ಎಷ್ಟು ನಿಲ್ಲುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಒಣ ಹವೆಯಲ್ಲಿ ಬಯಲುಸೀಮೆಯ ಮೇಲೆ ಅದು ಒಂದೆರಡು ಸೆಂಟಿಮೀಟರ್. ಮುಂಗಾರಿನ ಕರಾವಳಿಯ ಮೇಲೆ ಐದಾರು ಸೆಂಟಿಮೀಟರ್. ನೀರಾವಿ ತುಂಬಿದ ಹವೆಯಲ್ಲಿ ಸುಡುವ ನೆಲವನ್ನು ನೋಡಿದರೆ, ಸರಿಪಡಿಸದ ಅಂಕಿ ಹತ್ತು ಡಿಗ್ರಿವರೆಗೂ ಕಡಿಮೆ ಬರಬಹುದು.

ರಾಯಚೂರಿನಲ್ಲೂ ಉಡುಪಿಯಲ್ಲೂ ಒಂದೇ ಕಾವಿರುವ ಎರಡು ತುಂಡು ನೆಲ ಇವೆ ಎಂದುಕೊಳ್ಳಿ. ಮೇ ತಿಂಗಳ ಒಂದೇ ಹೊತ್ತಿನಲ್ಲಿ ಎರಡನ್ನೂ ಉಪಗ್ರಹ ನೋಡಿದರೆ ಉಡುಪಿಯ ನೆಲ ತಣ್ಣಗೆ ಕಾಣುತ್ತದೆ. ಅಲ್ಲಿ ನಡುವೆ ಕೂತ ದಲಾಲಿ ದಪ್ಪಗಿದ್ದಾನೆ.

ಕಳೆದುಹೋದದ್ದನ್ನು ಲೆಕ್ಕ ಹಿಡಿಯುವುದು

ವಿಜ್ಞಾನಿಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅವರ ಜಾಣತನ ಎರಡು ಹಂತದ್ದು.

ಮೊದಲನೆಯದು, ಸರಿಯಾದ ಕಿಟಕಿ ಆರಿಸುವುದು. ವಾತಾವರಣ ಎಲ್ಲ ಕಿರಣವನ್ನೂ ಒಂದೇ ಸಮ ನುಂಗುವುದಿಲ್ಲ. ಸುಮಾರು 8ರಿಂದ 14 ಮೈಕ್ರಾನ್ ಉದ್ದದ ಅಲೆಗಳಿಗೆ ಅದು ಬಹುಮಟ್ಟಿಗೆ ದಾರಿ ಬಿಡುತ್ತದೆ. ನಡುವೆ 9.6ರ ಹತ್ತಿರ ಓಜೋನ್ ಅಡ್ಡ ನಿಲ್ಲುತ್ತದೆ, ಆ ಜಾಗವನ್ನು ಬಿಟ್ಟು ನೋಡುತ್ತಾರೆ. ನಮ್ಮ ಅದೃಷ್ಟಕ್ಕೆ ಭೂಮಿಯಂಥ ಕಾವಿನ ವಸ್ತುಗಳು ಅತಿ ಹೆಚ್ಚು ಕಿರಣ ಸೂಸುವುದೂ 10 ಮೈಕ್ರಾನಿನ ಆಸುಪಾಸಿನಲ್ಲೇ.

ಎರಡನೆಯದು, ಒಂದೇ ನೆಲವನ್ನು ಎರಡು ಕಣ್ಣಿನಿಂದ ನೋಡುವುದು. ಇನ್ಸಾಟ್-3ಡಿ ಸಾಲಿನ ಉಪಗ್ರಹಗಳಲ್ಲಿ ಒಂದು ಕಣ್ಣು 10.3ರಿಂದ 11.3 ಮೈಕ್ರಾನ್ ನೋಡುತ್ತದೆ, ಇನ್ನೊಂದು 11.5ರಿಂದ 12.5. ಎರಡನೆಯ ಅಲೆಯನ್ನು ನೀರಾವಿ ಸ್ವಲ್ಪ ಹೆಚ್ಚು ನುಂಗುತ್ತದೆ. ಮೆಣಸಿನಕಾಯಿ ಲೆಕ್ಕಕ್ಕೇ ಬನ್ನಿ. ಒಂದೇ ಹೊಲದ ಮಾಲನ್ನು ಇಬ್ಬರು ದಲಾಲಿಗಳ ಕೈಲಿ ಕಳಿಸಿದ್ದೀರಿ. ಒಬ್ಬ ಕಮ್ಮಿ ಕಡಿಯುವವ, ಇನ್ನೊಬ್ಬ ಹೆಚ್ಚು ಕಡಿಯುವವ. ಎರಡು ಚೀಲವನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ದಾರಿಯಲ್ಲಿ ಎಷ್ಟು ಹೋಯಿತು, ಹೊಲದಿಂದ ಹೊರಟಾಗ ಖಾರ ಎಷ್ಟಿತ್ತು ಎಂದು ಅಂದಾಜು ಸಿಗುತ್ತದೆ. ಜಗತ್ತಿನ ಬಹಳಷ್ಟು ಉಪಗ್ರಹಗಳು ಇದೇ ಉಪಾಯ ಬಳಸುತ್ತವೆ.

ಉಪಾಯ ಒಳ್ಳೆಯದೇ. ಮೋಡವಿಲ್ಲದ ದಿನ, ಒಂದೇ ತೆರನಾದ ನೆಲದ ಮೇಲೆ, ಹವೆ ತೀರಾ ತೇವವಾಗಿಲ್ಲದಾಗ ಒಂದೆರಡು ಡಿಗ್ರಿಯೊಳಗೆ ಸರಿಯಾದ ಅಂಕಿ ಸಿಗುತ್ತದೆ. ಆದರೆ ನೀರಾವಿ ಅತಿಯಾದಾಗ ಇಬ್ಬರೂ ದಲಾಲಿಗಳು ಚೀಲದ ಬಹುಪಾಲನ್ನು ನುಂಗಿಬಿಟ್ಟಿರುತ್ತಾರೆ, ಹೋಲಿಸಲು ಉಳಿಯುವುದೇ ಕಡಿಮೆ. ಉಪಗ್ರಹ ಓರೆಯಾಗಿ ನೋಡಿದರೆ ಕಿರಣ ಹೆಚ್ಚು ದಪ್ಪದ ಗಾಳಿಯನ್ನು ದಾಟಿ ಬರಬೇಕು, ಆಗಲೂ ತಪ್ಪು ಹೆಚ್ಚು.

ಯಂತ್ರವೇ ಕೈಕೊಡುವುದೂ ಉಂಟು. 2013ರಲ್ಲಿ ಹಾರಿಸಿದ ಅಮೆರಿಕದ ಲ್ಯಾಂಡ್‌ಸ್ಯಾಟ್-8ರಲ್ಲಿ ಇಂಥ ಎರಡು ಕಣ್ಣುಗಳಿದ್ದವು. ತಾನು ನೋಡುವ ಜಾಗದ ಆಚೆಯ ಕಿರಣವೂ ಯಂತ್ರದೊಳಗೆ ನುಸುಳುತ್ತಿದೆ ಎಂದು ಆಮೇಲೆ ತಿಳಿಯಿತು. ಎರಡನೆಯ ಕಣ್ಣಿನಲ್ಲಿ ಈ ತೊಂದರೆ ಹೆಚ್ಚಿದ್ದುದರಿಂದ, ಎರಡನ್ನೂ ಹೋಲಿಸುವ ಲೆಕ್ಕಕ್ಕೆ ಅದನ್ನು ನೆಚ್ಚಬೇಡಿ ಎಂದು ಅಲ್ಲಿನ ಸಂಸ್ಥೆಯೇ ಬಳಕೆದಾರರಿಗೆ ಹೇಳಿತು. ತನ್ನ ಯಂತ್ರದ ದೋಷವನ್ನು ತಾನೇ ಹೊರಗಿಟ್ಟ ಆ ರೀತಿಯನ್ನು ನಾವು ಮೆಚ್ಚಬೇಕು. ಆದರೆ ಫಾರ್ವರ್ಡ್ ಆಗುವ ನಕ್ಷೆಯ ಜೊತೆ ಇಂಥ ಎಚ್ಚರಿಕೆಯ ಮಾತು ಎಂದೂ ಫಾರ್ವರ್ಡ್ ಆಗುವುದಿಲ್ಲ.

ನೆಲದ ಗುಣವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಕಾವಿನಲ್ಲಿದ್ದರೂ ಎಲ್ಲ ವಸ್ತುಗಳು ಒಂದೇ ಸಮ ಕಿರಣ ಸೂಸುವುದಿಲ್ಲ. ನೀರು, ಹಸಿರೆಲೆ ಧಾರಾಳಿಗಳು. ಒಣ ಮರಳು ಮಣ್ಣು ಸ್ವಲ್ಪ ಜಿಪುಣ. ಹೊಳೆಯುವ ಹೊಸ ತಗಡು ಮಹಾ ಜಿಪುಣ: ಕೈ ಇಟ್ಟರೆ ಬೊಬ್ಬೆ ಏಳುವಷ್ಟು ಕಾದಿದ್ದರೂ ಯಂತ್ರಕ್ಕೆ ತಣ್ಣಗೆ ಕಾಣುತ್ತದೆ. ತಗಡಿನ ಮನೆಯೊಳಗೆ ಮಗು ಮಲಗಿಸಿದ ತಾಯಿಗೆ ಗೊತ್ತಿರುವ ಕಾವು ಅದು, ಯಂತ್ರಕ್ಕೆ ಸರಿಯಾಗಿ ಗೊತ್ತಾಗದ ಕಾವು.

ಮೋಡ ಬಂದರೆ ಕತೆ ಮುಗಿಯಿತು

ನೀರಾವಿಯ ಲೆಕ್ಕ ಹಿಡಿಯಬಹುದು, ಮೋಡದ್ದು ಹಿಡಿಯಲಾಗದು. ಈ ಕಿರಣ ದಟ್ಟ ಮೋಡವನ್ನು ದಾಟುವುದೇ ಇಲ್ಲ. ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ. ಗುಡುಗು ಮಳೆಯ ಎತ್ತರದ ಮೋಡವಾದರೆ ಅದು ಸೊನ್ನೆಗಿಂತ ಐವತ್ತು ಅರವತ್ತು ಡಿಗ್ರಿ ಕೆಳಗಿರುತ್ತದೆ. ದಟ್ಟ ಮೋಡವಾದರೆ ಕಂಪ್ಯೂಟರ್ ಗುರುತು ಹಿಡಿದು ಆ ಜಾಗವನ್ನು ಖಾಲಿ ಬಿಡುತ್ತದೆ. ಅಪಾಯ ಇರುವುದು ಬಹಳ ಎತ್ತರದ ತೆಳು ಮೋಡದಲ್ಲಿ. ಬಟ್ಟೆಯ ಅಂಚಿನಂತೆ ತೆಳ್ಳಗಿರುವ ಆ ಮೋಡ ತಪ್ಪಿಸಿಕೊಂಡರೆ, ಕೆಳಗಿನ ಸುಡುವ ನೆಲ ನಕ್ಷೆಯಲ್ಲಿ ತಂಪಾಗಿಬಿಡುತ್ತದೆ. ದಟ್ಟ ದೂಳು, ಹೊಗೆಯೂ ಹೀಗೇ ಲೆಕ್ಕ ಕೆಡಿಸುತ್ತವೆ.

ಮುಂಗಾರಿನಲ್ಲಿ ಕರಾವಳಿ, ಮಲೆನಾಡಿನ ಮೇಲೆ ದಿನಗಟ್ಟಲೆ ಮೋಡ. ಆ ದಿನಗಳ ಅಂಕಿಯೇ ಇರುವುದಿಲ್ಲ. ಖಾಲಿ ಜಾಗ ಚೆಂದ ಕಾಣುವುದಿಲ್ಲವೆಂದು ಎಂಟು ದಿನ, ತಿಂಗಳು ಹೀಗೆ ಸರಾಸರಿ ಮಾಡಿ ನಕ್ಷೆ ತುಂಬಿಸುತ್ತಾರೆ. ಆಗ ಅದು ‘ಆ ತಿಂಗಳ ಸರಾಸರಿ’ ಅಲ್ಲ, ‘ಆ ತಿಂಗಳಲ್ಲಿ ಆಕಾಶ ಶುಭ್ರವಿದ್ದ ದಿನಗಳ ಸರಾಸರಿ’. ಎರಡಕ್ಕೂ ಅಜಗಜಾಂತರ. ಮೋಡ ದಾಟಿ ನೋಡುವ ಮೈಕ್ರೋವೇವ್ ಯಂತ್ರಗಳೂ ಇವೆ. ಆದರೆ ಅವಕ್ಕೆ ಹತ್ತಾರು ಕಿಲೋಮೀಟರ್ ಅಗಲದ ಜಾಗ ಒಂದೇ ಚುಕ್ಕೆ.

ಚುಕ್ಕೆಯ ಮಾತು ಬಂತಲ್ಲ, ಅದನ್ನೂ ಎಕರೆಯಲ್ಲಿ ಹೇಳಿಬಿಡುತ್ತೇನೆ. ಇನ್ಸಾಟ್‌ನ ಕಾವಿನ ಚಿತ್ರದಲ್ಲಿ ಒಂದು ಚುಕ್ಕೆ ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ. ಅಂದರೆ ಸುಮಾರು 4,000 ಎಕರೆ. ನಿಮ್ಮೂರ ಕೆರೆ, ಗೋಮಾಳ, ಎರೆ ಹೊಲ, ಊರ ತಾರಸಿಗಳೆಲ್ಲ ಸೇರಿ ಒಂದೇ ಅಂಕಿ. ಲ್ಯಾಂಡ್‌ಸ್ಯಾಟ್‌ನ ಚುಕ್ಕೆ ಎರಡೂವರೆ ಎಕರೆಯಷ್ಟು, ಆದರೆ ಒಂದು ಉಪಗ್ರಹ ಅದೇ ಜಾಗಕ್ಕೆ ಮತ್ತೆ ಬರುವುದು 16 ದಿನಕ್ಕೊಮ್ಮೆ, ಅದೂ ಬೆಳಗಿನ ಹತ್ತು ಹತ್ತೂವರೆ ಹೊತ್ತಿಗೆ. ದಿನದ ಅತಿ ಹೆಚ್ಚಿನ ಗಾಳಿಯ ಉಷ್ಣತೆ ಬರುವ ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಅದು ನಮ್ಮ ಮೇಲೆ ಇರುವುದೇ ಇಲ್ಲ.

ದೊಡ್ಡ ಅಂಕಿಯ ಆಸೆ

2022ರ ಏಪ್ರಿಲ್ ಕೊನೆಯ ಬಿಸಿಗಾಳಿ ನೆನಪಿರಬಹುದು. ಏಪ್ರಿಲ್ 29ರಂದು ಯುರೋಪಿನ ಸೆಂಟಿನೆಲ್-3 ಉಪಗ್ರಹ ತೆಗೆದ ಚಿತ್ರದಲ್ಲಿ ವಾಯವ್ಯ ಭಾರತದ ಹಲವು ಕಡೆ 60 ಡಿಗ್ರಿ ದಾಟಿತ್ತು. ಅದು ನೆಲದ ಕಾವು, ಗಾಳಿಯದಲ್ಲ ಎಂದು ಚಿತ್ರ ಕೊಟ್ಟ ಸಂಸ್ಥೆ ಸ್ಪಷ್ಟವಾಗಿ ಬರೆದಿತ್ತು. ಆಕಾಶದಲ್ಲಿ ಮೋಡ ಇರಲಿಲ್ಲವಾದ್ದರಿಂದ ಅಳತೆ ಚೆನ್ನಾಗಿ ಸಿಕ್ಕಿತು ಎಂದೂ ಹೇಳಿತ್ತು. ಜನರ ಮೊಬೈಲಿಗೆ ತಲುಪುವ ಹೊತ್ತಿಗೆ ಉಳಿದದ್ದು 60 ಎಂಬ ಅಂಕಿ ಮಾತ್ರ.

ಇರಾನಿನ ಲೂಟ್ ಮರುಭೂಮಿಯದು ಇನ್ನೊಂದು ಪಾಠ. ಉಪಗ್ರಹದ ಲೆಕ್ಕದಲ್ಲಿ ಅಲ್ಲಿನ ನೆಲ 2005ರಲ್ಲಿ 70.7 ಡಿಗ್ರಿ ಮುಟ್ಟಿತ್ತು ಎಂಬುದು ವರ್ಷಗಟ್ಟಲೆ ದಾಖಲೆಯಾಗಿತ್ತು. ಆಮೇಲೆ ಒಣ ಬರಿನೆಲದ ಲೆಕ್ಕ ಹಾಕುವ ವಿಧಾನವನ್ನು ಸುಧಾರಿಸಿದರು. ಹೊಸ ಲೆಕ್ಕದಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಮತ್ತೆ ನೋಡಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದೇ ಮರುಭೂಮಿಗೆ 80.8 ಡಿಗ್ರಿ ಕೊಟ್ಟಿತು. ಉಪಗ್ರಹದ ಅಂಕಿ ಎಂದರೆ ಯಂತ್ರದ ಅಳತೆಗೆ ಮನುಷ್ಯನ ಲೆಕ್ಕ ಸೇರಿದ್ದು. ಲೆಕ್ಕ ಸುಧಾರಿಸಿದರೆ ಅಂಕಿಯೂ ಬದಲಾಗುತ್ತದೆ.

ಹಾಗೆಂದು ನೆಲದ ಮೇಲಿನ ಯಂತ್ರಗಳು ದೇವರಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶದ ದಾಖಲೆ ಮುರಿಯಿತು ಎಂದು ಟಿವಿಗಳು ಕೂಗಿದವು. ಹವಾಮಾನ ಇಲಾಖೆ ಹೋಗಿ ಪರೀಕ್ಷಿಸಿದಾಗ ಆ ಸೆನ್ಸರ್ ಸುಮಾರು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಗಮನಿಸಿ. ನೆಲದ ಮೇಲಿನ ಯಂತ್ರವನ್ನು ಯಾರಾದರೂ ಹೋಗಿ ಪಕ್ಕದಲ್ಲಿ ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡಬಹುದು. ಹೊಸ ಪೆಟ್ಟಿಗೆ ಇಡಬಹುದು, ಮುಂದೆ ಬೆಳೆದ ಗಿಡ ಕಡಿಯಬಹುದು, ದೂರು ಕೊಡಬಹುದು.

ನಮ್ಮಂಥ ಬಿಡಿ ವರದಿಗಾರರಿಗೆ ಬೇಸಿಗೆಯಲ್ಲಿ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಡಿಗ್ರಿ?’ ಎಂದು. ದೊಡ್ಡ ಅಂಕಿ ಕೊಟ್ಟವನ ಸುದ್ದಿ ಮುಖಪುಟಕ್ಕೆ, ಸಣ್ಣ ಅಂಕಿ ಕೊಟ್ಟವನದು ಒಳಪುಟದ ಮೂಲೆಗೆ. ಯಾವುದರ ಡಿಗ್ರಿ, ಎಷ್ಟು ಗಂಟೆಯದು, ಯಾರು ಅಳೆದದ್ದು ಎಂಬ ಪ್ರಶ್ನೆ ಬರುವುದು ಅಪರೂಪ. ಈ ಅಭ್ಯಾಸ ಬಿಡದೆ ಜನರಿಗೆ ‘ಫೇಕ್ ಫಾರ್ವರ್ಡ್ ಮಾಡಬೇಡಿ’ ಎಂದು ಬುದ್ಧಿ ಹೇಳುವ ಹಕ್ಕು ಪತ್ರಿಕೆಗಳಿಗಿಲ್ಲ.

ಕಾವು ಬೇರೆ, ಸೆಕೆ ಬೇರೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಬಿಸಿಲು, ಝಳ, ಧಗೆ, ಕಾವು, ಸೆಕೆ ಎಂದು ಇಷ್ಟೊಂದು ಪದ ಸುಮ್ಮನೆ ಹುಟ್ಟಿಲ್ಲ. ಬಂಡೆಗೆ ಕಾವು ಏರುತ್ತದೆ. ಸೆಕೆ ಆಗುವುದು ಮನುಷ್ಯನಿಗೆ, ಎಮ್ಮೆಗೆ. ಬಂಡೆಗೆ ಸೆಕೆ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರುವುದಿಲ್ಲ, ಸುರಿಯುತ್ತದೆ. ಮೈಯ ಕಾವು ಒಳಗೇ ಉಳಿಯುತ್ತದೆ. ಅಮೆರಿಕದ ಹವಾಮಾನ ಸೇವೆ ಬಳಸುವ ಕೋಷ್ಟಕದ ಪ್ರಕಾರ 40 ಡಿಗ್ರಿ ಉಷ್ಣತೆ, ಶೇ 20 ತೇವಾಂಶ ಇದ್ದರೆ ನೆರಳಿನಲ್ಲಿರುವ ಮನುಷ್ಯನ ಮೈಗೆ ಅದು ಸುಮಾರು 40 ಡಿಗ್ರಿಯಂತೆಯೇ ಅನಿಸುತ್ತದೆ. 35 ಡಿಗ್ರಿ ಉಷ್ಣತೆ, ಶೇ 60 ತೇವಾಂಶ ಇದ್ದರೆ 45 ಡಿಗ್ರಿಯಂತೆ ಅನಿಸುತ್ತದೆ. ಅಂಕಿ ಐದು ಡಿಗ್ರಿ ಕಡಿಮೆ, ಸಂಕಟ ಐದು ಡಿಗ್ರಿ ಹೆಚ್ಚು.

ವಿಪರ್ಯಾಸ ನೋಡಿ. ನೆಲದ ಕಾವನ್ನು ಉಪಗ್ರಹದಿಂದ ಮರೆಮಾಡುವುದು ಯಾವುದು? ನೀರಾವಿ. ಬೆವರು ಆರದಂತೆ ತಡೆದು ಕೂಲಿಕಾರನನ್ನು ಕೆಡವುವುದು ಯಾವುದು? ಅದೇ ನೀರಾವಿ. ವಿಜ್ಞಾನಿಗಳು ನಕ್ಷೆ ಸರಿಪಡಿಸುವಾಗ ನೀರಾವಿಯನ್ನು ಲೆಕ್ಕ ಹಿಡಿದು ಚಿತ್ರದಿಂದ ಹೊರಗೆ ತೆಗೆಯುತ್ತಾರೆ. ನೆಲದ ಕಾವು ತಿಳಿಯಬೇಕಾದರೆ ಅದೇ ಸರಿ. ಆದರೆ ಅವರು ತೆಗೆದುಹಾಕಿದ ಆ ವಸ್ತುವಿನೊಳಗೇ ನಾವು ಬದುಕುತ್ತಿದ್ದೇವೆ. ಆ ನಕ್ಷೆ ಎಷ್ಟೇ ನಿಖರವಾಗಿದ್ದರೂ ಅದರಲ್ಲಿ ಸೆಕೆ ಇಲ್ಲ.

ತುಂಗಭದ್ರಾ ಕಾಲುವೆಯ ಸಿಂಧನೂರು, ಗಂಗಾವತಿ ಕಡೆಯ ಗದ್ದೆಗಳನ್ನು ತೆಗೆದುಕೊಳ್ಳಿ. ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆಯಲ್ಲೂ ಅಲ್ಲಿ ಭತ್ತ ಇರುತ್ತದೆ. ಕಾವಿನ ನಕ್ಷೆಯಲ್ಲಿ ಆ ಗದ್ದೆಗಳು ತಂಪು ತುಂಡುಗಳು, ಪಕ್ಕದ ಒಣ ಬೇಸಾಯದ ಹೊಲ ಕೆಂಡ. ನೆಲದ ಲೆಕ್ಕದಲ್ಲಿ ಅದು ನಿಜ, ನೀರು ಆವಿಯಾಗುತ್ತ ನೆಲವನ್ನು ತಂಪು ಮಾಡುತ್ತದೆ. ಆ ಆವಿ ಹೋಗುವುದೆಲ್ಲಿಗೆ? ಗದ್ದೆಯಲ್ಲಿ ಸೊಂಟ ಬಗ್ಗಿಸಿ ಕಳೆ ಕೀಳುವ ಹೆಂಗಸರ ಮುಖದ ಸುತ್ತಲಿನ ಗಾಳಿಗೆ. ನಕ್ಷೆಯಲ್ಲಿ ತಂಪಿರುವ ಜಾಗದಲ್ಲಿ ನಿಂತವರಿಗೆ ಉಸಿರು ಕಟ್ಟುತ್ತದೆ.

ಬಿಡುವಿನ ಪ್ರಶ್ನೆ ನೋಡೋಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ನಿಗದಿ ಮಾಡುವ ಪದ್ಧತಿ ಇದೆ. ಒಳ್ಳೆಯದು, ಬೇಡ ಎನ್ನುವುದಿಲ್ಲ. ಆದರೆ ಫ್ಯಾನಿನ ಕೆಳಗಿನ ಕೆಲಸಕ್ಕೆ ಇರುವ ಈ ವೇಳಾಪಟ್ಟಿ ಇಟ್ಟಿಗೆ ಭಟ್ಟಿಗೆ, ರಸ್ತೆ ಕೆಲಸಕ್ಕೆ, ಕರಾವಳಿಯ ಹಂಚಿನ ಕಾರ್ಖಾನೆಗೆ ಇಲ್ಲ. ಹವಾಮಾನ ಇಲಾಖೆಯೇ ಬಿಸಿಗಾಳಿ ಘೋಷಣೆಗೆ ಬಯಲಿನಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿ ಎಂಬ ಬೇರೆ ಬೇರೆ ಮಿತಿ ಇಟ್ಟಿದೆ. ಸಮುದ್ರದ ಪಕ್ಕದ ಬಿಸಿಯ ತೂಕ ಬೇರೆ ಎಂಬುದನ್ನು ಇಲಾಖೆ ಒಪ್ಪಿದೆ ಎಂದೇ ಇದರ ಅರ್ಥ. ಹಾಗಿರುವಾಗ ಕೆಂಪು ಬಣ್ಣದ ಜಿಲ್ಲೆಯವರಿಗೆ ಕಾಳಜಿ, ಹಳದಿ ಬಣ್ಣದವರಿಗೆ ನೋಡೋಣ ಎಂಬ ಧೋರಣೆ ಸಲ್ಲದು.

ಹಾಗಾದರೆ ಉಪಗ್ರಹ ಬೇಡವೇ?

ಬೇಕೇ ಬೇಕು. ಕಾಡಿನ ಬೆಂಕಿಯನ್ನು ಬೇಗ ಕಂಡು ಅರಣ್ಯ ಇಲಾಖೆಗೆ ತಿಳಿಸುವುದು ಈ ಬಗೆಯ ಕಾವು ಅಳೆಯುವ ಕಣ್ಣುಗಳೇ. ಬೆಳೆಯ ಎಲೆ ನೀರಿಲ್ಲದೆ ಬಾಡುವ ಮೊದಲೇ ಅದರ ಕಾವು ಏರುತ್ತದೆ, ಅದು ಮೇಲಿನಿಂದ ಕಾಣುತ್ತದೆ. ಹಳ್ಳಿಗೊಂದು ಥರ್ಮಾಮೀಟರ್ ಇಲ್ಲದ ದೇಶದಲ್ಲಿ ಎಲ್ಲಿ ನೆಲ ಹೆಚ್ಚು ಕಾಯುತ್ತಿದೆ, ಮರ ಕಡಿದ ಮೇಲೆ ಎಷ್ಟು ಕಾದಿದೆ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸೇರಿ ಇದಕ್ಕೆಂದೇ ತೃಷ್ಣಾ ಎಂಬ ಉಪಗ್ರಹವನ್ನು ರೂಪಿಸುತ್ತಿವೆ. ಅದರ ಚುಕ್ಕೆ ಒಂದು ಎಕರೆಗೆ ಹತ್ತಿರವಾಗಲಿದೆ.

ಚುಕ್ಕೆ ಸಣ್ಣದಾದಷ್ಟೂ ಅದನ್ನು ನಂಬುವ ಆಸೆ ದೊಡ್ಡದಾಗುತ್ತದೆ. ‘ನಿಮ್ಮ ಹೊಲದ ಕಾವು ನಮ್ಮ ಕಂಪ್ಯೂಟರಿನಲ್ಲೇ ಇದೆ, ನೀವೇನು ಹೇಳುವುದು’ ಎನ್ನುವ ದಿನ ಬರಬಹುದು. ಆ ದಿನಕ್ಕೆ ಮೊದಲೇ ನಿಯಮ ಗಟ್ಟಿಯಾಗಬೇಕು. ಬರದ ವಿಷಯದಲ್ಲಿ ಈ ಪಾಠ ಆಗಲೇ ಇದೆ. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಉಪಗ್ರಹದ ಬೆಳೆ ಸೂಚ್ಯಂಕ ಒಂದು ಮಾನದಂಡ ಮಾತ್ರ, ಕೊನೆಗೆ ಹೊಲಕ್ಕೆ ಇಳಿದು ಪರಿಶೀಲಿಸಬೇಕು. 2023ರಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದಾಗಲೂ ಹಳ್ಳಿಗಳಿಗೆ ಹೋಗಿ ನೋಡುವ ಕೆಲಸ ನಡೆದಿತ್ತು. ಬಿಸಿಲಿನ ವಿಷಯದಲ್ಲೂ ಅಂಥದೇ ನೆಲಮಟ್ಟದ ಸಾಕ್ಷಿ ಬೇಕು.

ಕೇಳಬೇಕಾದ್ದು ಇಷ್ಟು

ನಮ್ಮ ರಾಜ್ಯಕ್ಕೆ ಒಂದು ಅನುಕೂಲ ಇದೆ, ಬೇರೆ ಎಷ್ಟೋ ರಾಜ್ಯಗಳಿಗೆ ಇಲ್ಲದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ, ಅವು ಮಳೆ ಮಾತ್ರವಲ್ಲ, ಗಾಳಿಯ ಉಷ್ಣತೆ, ತೇವಾಂಶ, ಗಾಳಿಯ ವೇಗವನ್ನೂ ಅಳೆಯುತ್ತವೆ. ಸೆಕೆ ಲೆಕ್ಕ ಹಾಕಲು ಬೇಕಾದದ್ದೆಲ್ಲ ಅಲ್ಲಿದೆ. ನಾವು ಕೇಳುತ್ತಿಲ್ಲ, ಅಷ್ಟೆ.

ಒಂದು: ಮಾರ್ಚ್‌ನಿಂದ ಜೂನ್‌ವರೆಗೆ ಪ್ರತಿದಿನ ಹೋಬಳಿ ಕೇಂದ್ರದ ಉಷ್ಣತೆ ಮತ್ತು ತೇವಾಂಶ ಎರಡನ್ನೂ ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಬರೆಯಬೇಕು, ಊರಿನ ಗುಂಪಿಗೆ ಹಾಕಬೇಕು. ಅದಕ್ಕೆ ಬೇಕಾಗಿರುವುದು ಒಂದು ಸೀಮೆಸುಣ್ಣ, ಒಂದು ಫೋನ್.

ಎರಡು: ಉದ್ಯೋಗ ಖಾತರಿ ಕೆಲಸ, ರಸ್ತೆ ಕೆಲಸ, ಇಟ್ಟಿಗೆ ಭಟ್ಟಿಗಳ ವೇಳೆಯನ್ನು ಜಿಲ್ಲೆಯ ಹೆಸರು ನೋಡಿ ನಿಗದಿ ಮಾಡುವ ಬದಲು ಆ ಹೋಬಳಿಯ ಆ ವಾರದ ಉಷ್ಣತೆ, ತೇವಾಂಶ ಎರಡನ್ನೂ ನೋಡಿ ನಿಗದಿ ಮಾಡಬೇಕು.

ಮೂರು: ಕಾವಿನ ನಕ್ಷೆ ಹಂಚುವ ಇಲಾಖೆ ಇರಲಿ, ಪತ್ರಿಕೆ ಇರಲಿ, ಇದು ನೆಲದ್ದೋ ಗಾಳಿಯದೋ, ಎಷ್ಟು ಗಂಟೆಯದು, ಚುಕ್ಕೆ ಎಷ್ಟು ದೊಡ್ಡದು, ಮೋಡ ಎಲ್ಲಿತ್ತು ಎಂಬ ನಾಲ್ಕು ಸಾಲು ಕನ್ನಡದಲ್ಲಿ ಹಾಕಲೇಬೇಕು. ಇಲ್ಲದ ನಕ್ಷೆಯನ್ನು ನೀವು ಮುಂದೆ ಕಳಿಸಬೇಡಿ.

ನಾಲ್ಕು: ಹೋಬಳಿ ಕೇಂದ್ರಗಳನ್ನು ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಪರೀಕ್ಷಿಸಿ, ಪರೀಕ್ಷಿಸಿದ ದಿನಾಂಕವನ್ನು ಪ್ರಕಟಿಸಬೇಕು. ಮುಂಗೇಶ್‌ಪುರದಂಥ ಸೆನ್ಸರ್ ನಮ್ಮಲ್ಲೂ ಇರಬಹುದು.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಊರ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು, ಮಕ್ಕಳು ಸೇರಿ ನೆರಳಿನಲ್ಲಿ ಎರಡು ಥರ್ಮಾಮೀಟರ್ ತೂಗುಹಾಕಬಹುದು. ಒಂದರ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಓದುವ ಮುನ್ನ ಸ್ವಲ್ಪ ಹೊತ್ತು ಗಾಳಿ ಬೀಸಬೇಕು. ಹವೆ ಒಣಗಿದ್ದರೆ ಒದ್ದೆ ಥರ್ಮಾಮೀಟರ್ ಬಹಳ ಕೆಳಗೆ ಇಳಿಯುತ್ತದೆ. ತೇವವಿದ್ದರೆ ಎರಡರ ಅಂಕಿಯೂ ಹತ್ತಿರ ಬರುತ್ತದೆ. ಒದ್ದೆ ಥರ್ಮಾಮೀಟರ್ 30ರ ಹತ್ತಿರ ಬಂತೆಂದರೆ ಗಟ್ಟಿಮುಟ್ಟಾದ ಆಳಿಗೂ ಮೈಮುರಿದು ದುಡಿಯುವುದು ಅಪಾಯ. ಆ ಹೊತ್ತಿಗೆ ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ನೀರು ಕುಡಿಯಬೇಕು. ಮೇಸ್ತ್ರಿ ಗೊಣಗಿದರೆ ಬೋರ್ಡಿನ ಮೇಲಿನ ಅಂಕಿ ತೋರಿಸಬೇಕು.

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಪಿಡಿಒ ಅವರನ್ನು ಒಂದೇ ಪ್ರಶ್ನೆ ಕೇಳಿ: ‘ಸರ್, ನಮ್ಮ ಹೋಬಳಿ ಹವಾಮಾನ ಕೇಂದ್ರ ಎಲ್ಲಿದೆ, ನಿನ್ನೆ ಮಧ್ಯಾಹ್ನ ಅದರಲ್ಲಿ ಉಷ್ಣತೆ ಎಷ್ಟಿತ್ತು, ತೇವಾಂಶ ಎಷ್ಟಿತ್ತು?’ ಉತ್ತರ ಸಿಕ್ಕರೆ ಬೋರ್ಡಿನಲ್ಲಿ ಬರೆಸಿ. ಸಿಗದಿದ್ದರೆ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ.